ಸ್ವೀಡನ್ನಿನಲ್ಲಿ ಕಂಡ ಮಸ್ಕಿ ರಸ್ತೆ

ಸ್ವೀಡನ್ನಿಗೆ ಹೋಗಿ ಬಂದಾಗಿನಿಂದ ಎಲ್ಲರೂ ಕೇಳುವುದು ಒಂದೇ: ಅಲ್ಲಿ ಏನೇನು ನೋಡಿದಿರಿ? ಹಿಮ ನೋಡಲಿಲ್ಲ, ನಾನು ಹೋದದ್ದು ಬೇಸಿಗೆಯಲ್ಲಿ. ಅರಮನೆ ಇದ್ದ ಊರಿಗೆ ಹೋಗಲಿಲ್ಲ. ಸಮುದ್ರವನ್ನು ವಿಮಾನದ ಕಿಟಕಿಯಿಂದ ನೋಡಿದೆ, ಅದು ನಮ್ಮ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಂತೆಯೇ ಕಂಡಿತು. ನಾನು ಅಲ್ಲಿ ಕಂಡ ಅತಿ ದೊಡ್ಡ ಅಚ್ಚರಿ ಮಸ್ಕಿ. ನಮ್ಮ ಮಸ್ಕಿಯೇ. ಅದೇ ಬೋಳು ಗುಡ್ಡ, ಅದೇ ಪೆಟ್ರೋಲ್ ಬಂಕ್, ಬಂಕಿನ ಮುಂದಿನ ಬೇವಿನ ಮರ, ಅರ್ಧ ಬಂದ್ ಮಾಡಿದ ಅದೇ ಹೆದ್ದಾರಿ. ಅದನ್ನು ನೋಡಲೆಂದೇ ಅಷ್ಟು ದೂರ ಹಾರಿದ್ದೆ.

ಮಸ್ಕಿ, ಹೊರಡುವ ಮುಂಚೆ

ಸಿಂಧನೂರಿನಿಂದ ಮಸ್ಕಿ ಹಾಯ್ದು ಲಿಂಗಸುಗೂರಿಗೆ ಹೋಗುವ ರಸ್ತೆಯನ್ನು ಅಗಲ ಮಾಡುವ ಕೆಲಸದಲ್ಲಿ ನಾನು ಸೈಟ್ ಎಂಜಿನಿಯರ್. ಮಸ್ಕಿ ದಾಟಿದ ಮೇಲೆ ಒಂದು ಹಳ್ಳಕ್ಕೆ ಕಿರುಸೇತುವೆ ಕಟ್ಟುತ್ತಿದ್ದೆವು. ಓಡಾಟ ಪೂರ್ತಿ ನಿಲ್ಲಿಸುವ ಹಾಗಿರಲಿಲ್ಲ. ಅರ್ಧ ರಸ್ತೆಯನ್ನು ಡ್ರಮ್ಮು, ಕಲ್ಲು ಇಟ್ಟು ಬಂದ್ ಮಾಡಿ ಅಷ್ಟಕ್ಕೇ ಸ್ಲ್ಯಾಬ್ ಹಾಕಿದ್ದೆವು. ಹೊಸ ಕಾಂಕ್ರೀಟು ಬಿಸಿಲಿಗೆ ಬಿರುಕು ಬಿಡಬಾರದೆಂದು ಮೇಲೆ ಭತ್ತದ ಹುಲ್ಲು ಹಾಸಿ ದಿನವೂ ನೀರುಣಿಸಬೇಕು. ಈ ಕ್ಯೂರಿಂಗ್ ಕೆಲಸ ದುರ್ಗಮ್ಮನದು. ಬಳಗಾನೂರಿನವಳು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವಳು, ಗ್ಯಾಂಗಿನ ಹೆಂಗಸರೆಲ್ಲ ಅವಳ ಮಾತಿಗೆ ಹೆದರುತ್ತಿದ್ದರು.

ಆ ದಿನ ಬಿಸಿಲು ಏರುವ ಹೊತ್ತು. ದುರ್ಗಮ್ಮ ಪೈಪು ಹಿಡಿದು ಹುಲ್ಲಿನ ಮೇಲೆ ನೀರು ಬಿಡುತ್ತಿದ್ದಳು. ಡೀಸೆಲ್ ಪಂಪಿನ ಸದ್ದಿಗೆ ಬೇರೇನೂ ಕೇಳುತ್ತಿರಲಿಲ್ಲ. ನೀರಿನ ಟ್ಯಾಂಕರ್ ಒಳಬರಲು ಡ್ರಮ್ಮುಗಳ ನಡುವೆ ಬಿಟ್ಟ ಜಾಗದಿಂದ ಒಂದು ಕ್ರೂಸರ್ ಜೀಪು ನೇರ ಒಳಗೆ ಬಂತು. ಆಚೆ ದಂಡೆಯಲ್ಲಿ ಟೇಪು ಹಿಡಿದು ನಿಂತಿದ್ದ ನಾನು ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ದುರ್ಗಮ್ಮ ಕೊನೆಯ ಗಳಿಗೆಯಲ್ಲಿ ತಿರುಗಿ ನೋಡಿ ಪಕ್ಕಕ್ಕೆ ಹಾರಿದಳು, ಆದರೂ ಬಂಪರ್ ತೊಡೆಗೆ ಬಡಿಯಿತು. ಎಲುಬು ಮುರಿಯಿತು, ಜೀವ ಉಳಿಯಿತು.

ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಜೀಪಲ್ಲ, ಗಾಜಿನ ಹಿಂದಿದ್ದ ಮೌನೇಶನ ಮುಖ. ಕೂಲಿಯವರನ್ನು ಹೊಲಕ್ಕೆ ಬಿಟ್ಟು ಖಾಲಿ ಜೀಪಿನಲ್ಲಿ ಮರಳುತ್ತಿದ್ದ ಮಸ್ಕಿಯ ಹುಡುಗ. ಕುಡಿದಿರಲಿಲ್ಲ, ನಿದ್ದೆಗೆಟ್ಟಿರಲಿಲ್ಲ, ಫೋನೂ ಕೈಯಲ್ಲಿರಲಿಲ್ಲ. ಎದುರಿಗೆ ನೋಡುತ್ತಲೇ ಬಂದ. ಆ ಮುಖ ಶಾಂತವಾಗಿತ್ತು. ಮನುಷ್ಯರ ಮೇಲೆ ಗಾಡಿ ಹಾಯಿಸುವವನ ಮುಖ ಅಷ್ಟು ಶಾಂತವಾಗಿರಲು ಹೇಗೆ ಸಾಧ್ಯ ಎಂಬುದು ನನ್ನನ್ನು ಮಲಗಗೊಡಲಿಲ್ಲ. ಯಾಕೆ ಬಂದೆ ಎಂದು ಪೊಲೀಸರು ಕೇಳಿದರೆ ಅವನು ಹೇಳಿದ್ದು "ಗೊತ್ತಾಗವಲ್ದು ರೀ" ಅಂತ ಮಾತ್ರ. ಕೇಸು ನಡೆದಿದೆ, ಅದು ಬೇರೆ ಮಾತು. ಅವನು ಅಂದಿನಿಂದ ಜೀಪು ಮುಟ್ಟಿಲ್ಲ. ನಾನೂ ಕಾರಿನ ಸ್ಟೇರಿಂಗ್ ಮುಟ್ಟುವುದನ್ನು ಬಿಟ್ಟೆ.

ಕಲಬುರಗಿಯಲ್ಲಿ ನನಗೆ ಪಾಠ ಹೇಳಿದ ಗುರುಗಳಿಗೆ ಸ್ವೀಡನ್ನಿನ ಒಂದು ಪ್ರಯೋಗಾಲಯದ ಜೊತೆ ಕೆಲಸವಿತ್ತು. ರಸ್ತೆ ಕಾಮಗಾರಿ ನಡೆಯುವ ಕಡೆ ಚಾಲಕರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅವರು ನಿಜವಾದ ರಸ್ತೆಯಲ್ಲಿ ನೋಡುವುದಿಲ್ಲ, ಸಿಮ್ಯುಲೇಟರಿನಲ್ಲಿ ನೋಡುತ್ತಾರೆ. ಕಾರು ನಿಂತಲ್ಲೇ ನಿಂತಿರುತ್ತದೆ, ಸುತ್ತಲಿನ ತೆರೆಯ ಮೇಲೆ ರಸ್ತೆ ಓಡುತ್ತದೆ, ತಪ್ಪಿದರೂ ಯಾರೂ ಸಾಯುವುದಿಲ್ಲ. ಅವರಿಗೆ ನಮ್ಮ ಕಡೆಯ ಒಂದು ರಸ್ತೆ ಬೇಕಿತ್ತು. ನನ್ನ ಫೋನಿನಲ್ಲಿ ಸೈಟಿನ ವಿಡಿಯೊ ದಿನದಿನದ್ದೂ ಇತ್ತು, ಅಪಘಾತದ ಹಿಂದಿನ ದಿನದ್ದೂ. ಕೊಟ್ಟೆ. ಆಮೇಲೆ ಆ ರಸ್ತೆ ಬಲ್ಲವರು ಒಬ್ಬರು ಬರಲಿ ಎಂದರು.

ಹೊರಡುವ ಮುಂಚೆ ಬಳಗಾನೂರಿಗೆ ಹೋದೆ. ದುರ್ಗಮ್ಮ ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದಳು. ಉಳಿದರ್ಧ ಸ್ಲ್ಯಾಬ್ ಹಾಕುವಾಗ ಅವಳು ಬರುವುದಿಲ್ಲ, ಅವಳು ಬರದಿದ್ದರೆ ಬೇರೆ ಹೆಂಗಸರೂ ಬರುವುದಿಲ್ಲ ಎಂಬುದು ನನಗೆ ಆಗಲೇ ತಿಳಿದಿತ್ತು. ಕೂಲಿ ಬಿಟ್ಟು ಕೂತರೆ ಮನೆ ನಡೆಯುವುದಿಲ್ಲ ಎಂಬುದು ಅವಳಿಗೂ ತಿಳಿದಿತ್ತು.

"ಅವ ನನ್ನ ಮಾರಿ ನೋಡಿದ ರೀ ಮೇಡಮ್ಮ," ಅಂದಳು. "ನೋಡಿ ಬಂದಾನ. ಯಾಕ ಬಂದಾ ಅಂತ ತಿಳಕೊಂಡು ಬರ್ರಿ. ಅದು ಗೊತ್ತಾಗೋತನ ನಾ ಆ ರೋಡಿಗೆ ಕಾಲಿಡಂಗಿಲ್ಲ."

ನನಗೆ ವೀಸಾ ಕೊಟ್ಟವರು ಬರೆದ ಕಾರಣ ಬೇರೆ ಇರಬಹುದು. ನಾನು ಹೋದದ್ದು ಈ ಪ್ರಶ್ನೆ ಹೊತ್ತು.

ಇಳಿದ ಊರು, ಝೀಬ್ರಾ ಪಟ್ಟಿಯ ಬಳಿ

ಅದು ಚಿಕ್ಕ ಊರು. ಲಿಂಗಸುಗೂರಿನಷ್ಟು ಜನ ಇದ್ದಾರೋ ಇಲ್ಲವೋ. ಇದ್ದವರೂ ಎಲ್ಲಿದ್ದಾರೆ ಎಂದು ಹುಡುಕಬೇಕು. ಸದ್ದೇ ಇಲ್ಲ. ಮೊದಲ ದಿನ ನನ್ನ ಕಿವಿಗೆ ಏನೋ ಆಗಿದೆ ಎಂದುಕೊಂಡೆ. ರಾತ್ರಿ ಊಟದ ಹೊತ್ತಿಗೂ ಬಿಸಿಲು. ಮನೆಯೊಳಗೆ ಬರುವಾಗ ನಮ್ಮಂತೆಯೇ ಚಪ್ಪಲಿ ಹೊರಗೆ ಬಿಡುತ್ತಾರೆ, ಅದೊಂದು ನನಗೆ ಸಮಾಧಾನ.

ಪ್ರಯೋಗಾಲಯದ ಎದುರು ರಸ್ತೆಯ ಅಂಚಿನಲ್ಲಿ ನಿಂತು ಆಚೆಯ ಚರ್ಚಿನ ಗೋಪುರ ನೋಡುತ್ತಿದ್ದೆ. ಒಂದು ಕಾರು ಬಂದು ನಿಂತಿತು. ಅಡ್ರೆಸ್ ಕೇಳುತ್ತಾರೇನೋ ಎಂದು ನೋಡಿದೆ. ಒಳಗಿದ್ದ ಮುದುಕ ಸುಮ್ಮನೆ ಕೂತಿದ್ದಾನೆ. ಹೋಗಿ ಎಂದು ಕೈಮಾಡಿದೆ. ಅವನೂ ಹೋಗಿ ಎಂದು ಕೈಮಾಡಿದ. ಹಿಂದೆ ಇನ್ನೊಂದು ಕಾರು ನಿಂತಿತು, ಅದರ ಹಿಂದೆ ಬಸ್ಸು. ಯಾರೂ ಹಾರ್ನ್ ಹೊಡೆಯಲಿಲ್ಲ. ಆಗ ಕೆಳಗೆ ನೋಡಿದೆ: ನಾನು ನಿಂತದ್ದು ದಾಟುವ ಪಟ್ಟಿಯ ತುದಿಯಲ್ಲಿ. ಇಷ್ಟು ಜನರನ್ನು ಕಾಯಿಸಿದ ಮೇಲೆ ದಾಟದಿದ್ದರೆ ಹೇಗೆ ಎಂದು ಕೆಲಸವಿಲ್ಲದಿದ್ದರೂ ದಾಟಿದೆ. ಪ್ರಯೋಗಾಲಯ ಈಚೆಯೇ ಇತ್ತಾದ್ದರಿಂದ ಮತ್ತೆ ಮರಳಿ ಬರಬೇಕಾಯಿತು. ಮತ್ತೆ ಎಲ್ಲರೂ ನಿಂತರು. ಒಬ್ಬ ಹೆಂಗಸಿಗಾಗಿ ಒಂದು ಬಸ್ಸು ಎರಡು ಸಲ ನಿಲ್ಲುವುದನ್ನು ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಹೇಳಿದರೆ ನಗುತ್ತಾರೆ.

ಊರಾಚೆಯ ಹೆದ್ದಾರಿ

ನನ್ನನ್ನು ಕರೆಸಿದವರ ಹೆಸರು ಎವಾ. ಐವತ್ತು ದಾಟಿದ ಎತ್ತರದ ಹೆಂಗಸು, ಚಾಲಕರ ನಡವಳಿಕೆಯನ್ನು ಓದುವುದರಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು. ಮೊದಲು ಅವರ ರಸ್ತೆ ಕೆಲಸ ನೋಡಿ ಎಂದು ಊರಾಚೆಯ ಹೆದ್ದಾರಿಗೆ ಕರೆದೊಯ್ದರು. ಎಡಬದಿಗೆ ಸ್ಟೇರಿಂಗ್ ಇರುವ ಕಾರಿನಲ್ಲಿ ನಾನು ಬಲಕ್ಕೆ ಕೂತಿದ್ದೆ. ಕೈಯಲ್ಲಿ ಸ್ಟೇರಿಂಗ್ ಇಲ್ಲದೆ, ನಮ್ಮಲ್ಲಿ ಡ್ರೈವರು ಕೂರುವ ಅದೇ ಜಾಗದಲ್ಲಿ ಕೂರುವುದು ಎಂಥ ಹಿಂಸೆ ಎಂದು ಅವರಿಗೆ ಹೇಳಲಿಲ್ಲ.

ಕಾಮಗಾರಿಗೆ ಬಹಳ ಮುಂಚೆಯೇ ಫಲಕಗಳು ಶುರುವಾದವು. ಕಾರುಗಳು ತಾವಾಗಿ ಒಂದರ ಹಿಂದೆ ಒಂದು ಸೇರಿಕೊಂಡವು. ಕೆಲಸದವರಿಗಿಂತ ಹಿಂದೆ ಒಂದು ಲಾರಿ ನಿಂತಿತ್ತು, ಅದರ ಬೆನ್ನಿಗೆ ದೊಡ್ಡ ಮೆತ್ತೆಯಂಥ ಸಲಕರಣೆ. ಯಾರಾದರೂ ತಪ್ಪಿ ನುಗ್ಗಿದರೆ ಮೊದಲು ಅದಕ್ಕೆ ಬಡಿಯಬೇಕು. ಲಾರಿಯಾಚೆ ಇಬ್ಬರು ಕೆಲಸಗಾರರು ಓಡುವ ವಾಹನಗಳಿಗೆ ಬೆನ್ನು ತಿರುಗಿಸಿ ನಿಂತು ಕಾಫಿ ಕುಡಿಯುತ್ತಿದ್ದರು.

ನನಗೆ ಅವರನ್ನು ನೋಡಲಾಗಲಿಲ್ಲ. ಮುಖ ತಿರುಗಿಸಿ ಬಾಗಿಲ ಹಿಡಿಕೆ ಹಿಡಿದೆ. ಎವಾ ಕಾರನ್ನು ಪಕ್ಕದ ದಾರಿಗೆ ಇಳಿಸಿ ನಿಲ್ಲಿಸಿದರು. ಆಮೇಲೆ ನಾನೇ ಎಲ್ಲ ಹೇಳಿದೆ: ಪಂಪಿನ ಸದ್ದು, ದುರ್ಗಮ್ಮ, ಆ ಶಾಂತ ಮುಖ. ಅವರು ಕೇಳಿದ ಒಂದೇ ಪ್ರಶ್ನೆ, ಅವನು ಬ್ರೇಕ್ ಹಾಕಿದನೇ? ಇಲ್ಲ ಎಂದೆ. ಹೆದರಿದವನು ಬ್ರೇಕ್ ಹಾಕುತ್ತಾನೆ, ಅವನಿಗೆ ಅಲ್ಲಿ ಹೆದರುವಂಥದ್ದು ಏನೂ ಕಂಡಿಲ್ಲ ಎಂದರು ಎವಾ.

ಪ್ರಯೋಗಾಲಯ

ಕತ್ತಲೆಯ ದೊಡ್ಡ ಹಾಲು. ನಡುವೆ ಉಕ್ಕಿನ ಕಾಲುಗಳ ಮೇಲೆ ನಿಂತ ವೇದಿಕೆ, ಅದರ ಮೇಲೆ ಹಿಂಭಾಗ ಕತ್ತರಿಸಿದ ಒಂದು ಕಾರು. ಸುತ್ತಲೂ ಬಾಗಿದ ತೆರೆ. ಅದನ್ನು ನಡೆಸುವವನು ಯೋಹಾನ್ ಎಂಬ ಯುವಕ. ನಾಚಿಕೆ ಸ್ವಭಾವ, ಮಾತು ಕಡಿಮೆ. ಒಂದು ಗುಂಡಿ ಒತ್ತಿದ.

ಮಸ್ಕಿ ಬೆಳಗಾಯಿತು.

ಗುಡ್ಡದ ಬಂಡೆಗಳ ಬಣ್ಣ ಕೂಡ ಅದೇ. ಕಾಲುವೆಯಲ್ಲಿ ನೀರು ಮಿನುಗುತ್ತಿತ್ತು. ತನ್ನ ದೇಶ ಬಿಟ್ಟು ಹೊರಗೆ ಕಾಲಿಡದ ಒಬ್ಬ ಹುಡುಗ ನನ್ನ ಫೋನಿನ ವಿಡಿಯೊ ನೋಡಿ ನೋಡಿ ನಮ್ಮೂರ ಬಿಸಿಲನ್ನು ಕಟ್ಟಿದ್ದ. ತಪ್ಪುಗಳೂ ಇದ್ದವು. ಅಂಗಡಿ ಬೋರ್ಡುಗಳ ಮೇಲೆ ಅಕ್ಷರದಂತೆ ಕಾಣುವ, ಆದರೆ ಯಾವ ಭಾಷೆಯೂ ಅಲ್ಲದ ಗೀಟುಗಳು. ಎಮ್ಮೆಗಳು ವಾಹನ ಕಂಡ ಕೂಡಲೇ ಮರ್ಯಾದೆಯಿಂದ ಬದಿಗೆ ಸರಿಯುತ್ತಿದ್ದವು. ಎಮ್ಮೆ ಸರಿಯಬಾರದು, ಹಾರ್ನ್ ಹೊಡೆದರೂ ಸರಿಯಬಾರದು ಎಂದು ತಿದ್ದಿಸಿದೆ. ಅವನು ಗಂಭೀರವಾಗಿ ಬರೆದುಕೊಂಡ.

ಆ ರಸ್ತೆಯಲ್ಲಿ ಆಗಲೇ ಆ ಊರಿನ ಹಲವರು ಕಾರು ಓಡಿಸಿದ್ದರಂತೆ. ಡ್ರಮ್ಮು ಕಂಡೊಡನೆ ಎಲ್ಲರೂ ನಿಧಾನಿಸಿ, ಸ್ಲ್ಯಾಬಿನ ಪಕ್ಕದಿಂದ ಹಾದು ಹೋಗಿದ್ದಾರೆ. ಒಬ್ಬರೂ ಒಳಗೆ ನುಗ್ಗಿಲ್ಲ. ಹಾಗಾದರೆ ಮೌನೇಶನೊಬ್ಬನೇ ಯಾಕೆ? ಆ ಪ್ರಶ್ನೆ ಇನ್ನಷ್ಟು ಭಾರವಾಯಿತು. ದುರ್ಗಮ್ಮ ಅನ್ನುವುದೇ ನಿಜವೇನೋ, ಬೇಕೆಂದೇ ಬಂದನೇನೋ ಅನ್ನಿಸಿತು.

ಒಮ್ಮೆ ಓಡಿಸಿ ನೋಡಿ, ರಸ್ತೆ ಸರಿಯಾಗಿದೆಯೇ ಹೇಳಿ ಎಂದು ಎವಾ ಕೇಳಿಕೊಂಡರು. ಮೊದಲ ದಿನ ಆಗುವುದಿಲ್ಲ ಎಂದೆ. ಮರುದಿನ ಕೂತೆ, ಇಳಿದೆ. ಅವರು ಒತ್ತಾಯ ಮಾಡಲಿಲ್ಲ. ನಾನು ಒಯ್ದಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದು ಯೋಹಾನ್ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡ, ಮತ್ತೊಂದು ಚೂರು ಕೇಳಿದ. ಆ ದಿನ ಹಾಗೆ ಕಳೆಯಿತು.

ಕೊನೆಗೆ ಒಂದು ಮುಂಜಾನೆ ಕೂತೇಬಿಟ್ಟೆ. ಗೇರು ನನ್ನ ಬಲಕ್ಕಿತ್ತು. ಅಭ್ಯಾಸಬಲದಿಂದ ಎಡಗೈ ಬಾಗಿಲನ್ನು ತಡಕಾಡಿತು. ಕಾರು ಹೊರಟಿತು, ಅಂದರೆ ಮಸ್ಕಿ ನನ್ನತ್ತ ಹೊರಟಿತು. ವೇದಿಕೆ ಒಲೆಯಿತು, ಸ್ಟೇರಿಂಗನ್ನು ಬಿಗಿಯಾಗಿ ಹಿಡಿದೆ. ಬಂಕ್ ಹಿಂದಾಯಿತು. ಎಮ್ಮೆ ಸರಿಯಲಿಲ್ಲ, ನಾನೇ ಸರಿದೆ, ಮನಸ್ಸು ಹಗುರಾಯಿತು. ಬಹಳ ದಿನಗಳ ಮೇಲೆ ನನ್ನ ಕೈಗಳು ನನ್ನ ಮಾತು ಕೇಳುತ್ತಿದ್ದವು. ಡ್ರಮ್ಮುಗಳು ಬಂದವು. ಅವುಗಳಾಚೆ ಬಿಸಿಲಿಗೆ ಹೊಳೆಯುವ ಹಳದಿ ಹುಲ್ಲು, ಪಕ್ಕದಲ್ಲಿ ಸೀರೆಯ ಮೇಲೆ ಜಾಕೆಟ್ ತೊಟ್ಟ ಹೆಂಗಸು.

ಸ್ಪೀಕರಿನಲ್ಲಿ ಎವಾ ನಿಲ್ಲಿಸಿ ಎಂದದ್ದು ಕೇಳಿದಾಗ ನಾನು ಹುಲ್ಲು ದಾಟಿ ಆಚೆ ಇದ್ದೆ. ಹೆಂಗಸಿನ ಬೊಂಬೆಯನ್ನು ಕಾರು ಹೊಗೆಯ ಹಾಗೆ ಹಾದು ಬಂದಿತ್ತು.

ಯಂತ್ರ ಕೆಟ್ಟಿದೆ ಎಂದೆ. ಕೆಟ್ಟಿರಲಿಲ್ಲ. ಕಾರಿನೊಳಗಿನ ಕ್ಯಾಮೆರಾ ನನ್ನ ಮುಖ ಹಿಡಿದಿತ್ತು. ಯೋಹಾನ್ ಅದನ್ನು ತೋರಿಸಿದ. ಕಣ್ಣು ಹುಲ್ಲನ್ನು ನೋಡಿತು, ಹೆಂಗಸನ್ನು ನೋಡಿತು, ಮತ್ತೆ ಮುಂದಿನ ರಸ್ತೆಯನ್ನು ನೋಡಿತು. ಕಾಲು ಬ್ರೇಕಿನ ಕಡೆ ಹೋಗಲೇ ಇಲ್ಲ. ಕೈ ಸ್ಟೇರಿಂಗನ್ನು ಚೂರೇ ಎಡಕ್ಕೆ, ಹುಲ್ಲಿನತ್ತ ತಿರುಗಿಸಿತ್ತು. ಮುಖ ಶಾಂತವಾಗಿತ್ತು. ತುಟಿಯ ಮೇಲೆ ಸಣ್ಣ ನಗುವೂ ಇತ್ತು.

ಗಾಜಿನ ಹಿಂದಿನ ಮೌನೇಶನ ಮುಖ ಅದು.

ಅದೇ ದಿನ, ಕಾಫಿಯ ಹೊತ್ತು

ಆ ದೇಶದಲ್ಲಿ ಕಾಫಿಯ ಹೊತ್ತಿಗೆ ಎಲ್ಲ ಕೆಲಸ ನಿಲ್ಲುತ್ತದೆ. ದೊಡ್ಡವರು, ಚಿಕ್ಕವರು ಒಂದೇ ಮೇಜಿಗೆ ಕೂರುತ್ತಾರೆ. ಅಲ್ಲಿ ಕೂತಿರುವಾಗಲೇ ನನಗೆ ಅಪ್ಪ ನೆನಪಾದರು.

ಅಪ್ಪ ಹಟ್ಟಿಯಲ್ಲಿ ಗಣಿ ಕೆಲಸಗಾರರ ಪಾಳಿ ಬಸ್ಸು ಓಡಿಸುತ್ತಿದ್ದರು. ಸುಗ್ಗಿಯಲ್ಲಿ ರೈತರು ಸಜ್ಜೆ, ಹುರುಳಿ, ತೊಗರಿಯನ್ನು ಕಿತ್ತು ತಂದು ರಸ್ತೆಯ ಮೇಲೇ ಹಾಸಿ ಅಂಚಿಗೆ ಕಲ್ಲು ಇಡುತ್ತಾರೆ. ಓಡಾಡುವ ಗಾಡಿಗಳ ಗಾಲಿ ಹಾಯ್ದು ಕಾಳು ಉದುರುತ್ತದೆ. ರಸ್ತೆಯೇ ಕಣ. ಹೆಂಗಸರು ಉದ್ದನೆಯ ಕೋಲು ಹಿಡಿದು ತಿರುವಿ ಹಾಕುತ್ತ ನಿಂತಿರುತ್ತಾರೆ, ಗಾಡಿ ಹತ್ತಿರ ಬಂದಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವರು ಸರಿಯುತ್ತಾರೆ ಎಂದು ಡ್ರೈವರಿಗೆ ಗೊತ್ತು, ಡ್ರೈವರು ಹತ್ತಿಸುತ್ತಾನೆ ಎಂದು ಅವರಿಗೆ ಗೊತ್ತು. ನನಗೆ ಜೀಪು ಕಲಿಸುವಾಗ ನಾನು ಬೆಳೆ ಬಿಟ್ಟು ಬದಿಯಿಂದ ಹೋದರೆ ಅಪ್ಪ ರೇಗುತ್ತಿದ್ದರು. "ಮ್ಯಾಲ ಹತ್ತಿಸಬೇ," ಅನ್ನುತ್ತಿದ್ದರು. "ಅವ್ರ ಕೆಲಸ ಹಗುರಾಕ್ಕೈತಿ. ನಿಂದೇನು ಗಂಟು ಹೋಗತೈತಿ?"

ಬ್ರೇಕ್ ಹಾಕದಿರುವುದು ನಮ್ಮ ಕಡೆ ಒಂದು ಉಪಕಾರ. ದುರ್ಗಮ್ಮನ ಸುತ್ತ ಹಾಸಿದ್ದದ್ದು ಕಾಂಕ್ರೀಟಿಗೆ ತಂಪು ಮಾಡುವ ಭತ್ತದ ಹುಲ್ಲು. ಡ್ರೈವರಿನ ಸೀಟಿನಿಂದ ಅದು ಸಜ್ಜೆಯ ಕಣ. ಅಪಘಾತವಾದ ವಾರ ಅದೇ ರಸ್ತೆಯಲ್ಲಿ ಹಿಂದೆ ಮುಂದೆ ಎರಡು ಕಡೆ ನಿಜವಾದ ಕಣಗಳೂ ಇದ್ದವು. ಮೌನೇಶ ಅವುಗಳನ್ನು ಹಾಯ್ದೇ ಬಂದಿರುತ್ತಾನೆ. ಇಲ್ಲಿಯೂ ಕಲ್ಲು ಇಟ್ಟಿದ್ದಾರೆ, ಹುಲ್ಲು ಹಾಸಿದ್ದಾರೆ, ಹೆಂಗಸು ನಿಂತಿದ್ದಾಳೆ. ಸರಿಯುತ್ತಾಳೆ. ಅವಳು ಮಾತ್ರ ರಸ್ತೆ ಬಂದ್ ಆಗಿದೆ ಎಂದು ನಂಬಿ ನಿಂತಿದ್ದಳು.

ಇದನ್ನೆಲ್ಲ ಮೇಜಿನ ಸುತ್ತ ಕೂತವರಿಗೆ ಹೇಳಿದೆ. ತಿನ್ನುವ ಧಾನ್ಯದ ಮೇಲೆ ಬಸ್ಸು ಹಾಯಿಸುತ್ತೀರಾ ಎಂದು ಯೋಹಾನ್ ನಕ್ಕ. ಆ ಹುಲ್ಲು ರಸ್ತೆಯ ಕಸ ಎಂದುಕೊಂಡು ತೆರೆಯಿಂದ ಅಳಿಸುವವನಿದ್ದೆ ಎಂದು ಹೇಳುತ್ತ ಹೇಳುತ್ತ ಅವನ ನಗು ನಿಂತುಹೋಯಿತು. ಎವಾ ತಮ್ಮ ಕಪ್ಪನ್ನು ಕೆಳಗಿಟ್ಟರು. ಇಷ್ಟು ವರ್ಷ ನಾನು ಜನ ಯಾಕೆ ನಿಧಾನಿಸುವುದಿಲ್ಲ ಎಂದು ಅವಸರವನ್ನು, ಬೇಜವಾಬ್ದಾರಿಯನ್ನು ಹುಡುಕಿದೆ, ಸೌಜನ್ಯವನ್ನು ಒಮ್ಮೆಯೂ ಹುಡುಕಲಿಲ್ಲ ಎಂದರು.

ಮಧ್ಯಾಹ್ನ ಹುಲ್ಲನ್ನು ತೆಗೆದು ಅಲ್ಲಿ ಒದ್ದೆ ಗೋಣಿತಟ್ಟು ಹಾಸಿದರು, ತೆರೆಯ ಮೇಲೆ. ನಾನು ಮತ್ತೆ ಓಡಿಸಿದೆ. ಡ್ರಮ್ಮು ಕಂಡಲ್ಲೇ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಕಾರು ನಿಲ್ಲಿಸಿ ಅಲ್ಲೇ ಅತ್ತೆ. ನಿಂತ ಕಾರಿನಲ್ಲಿ, ನಿಜವಲ್ಲದ ಮಸ್ಕಿಯಲ್ಲಿ. ಯಾರೂ ಬಂದು ಸಮಾಧಾನ ಮಾಡಲಿಲ್ಲ, ಅದು ಆ ಜನರ ರೀತಿ. ಇಳಿದು ಬಂದಾಗ ಯೋಹಾನ್ ಒಂದು ಕಪ್ ಬಿಸಿ ಕಾಫಿ ಕೈಗಿಟ್ಟು ಬೇರೆ ಕಡೆ ನೋಡುತ್ತ ನಿಂತ.

ಒಬ್ಬಳು ಓಡಿಸಿದ್ದು ಪುರಾವೆಯಾಗುವುದಿಲ್ಲ, ನಿಮ್ಮ ಕಡೆಯ ಡ್ರೈವರುಗಳೇ ಓಡಿಸಬೇಕು ಎಂದರು ಎವಾ. ಬರುವಾಗ ಮಕ್ಕಳ ಆಟಿಕೆಯಂಥ ಒಂದು ಸ್ಟೇರಿಂಗು, ಕಾಲಿನ ಪೆಡಲು, ಮಸ್ಕಿಯನ್ನು ತುಂಬಿದ ಲ್ಯಾಪ್‌ಟಾಪು ಕಟ್ಟಿಕೊಟ್ಟರು. ವಿಮಾನ ನಿಲ್ದಾಣದಲ್ಲಿ ಇದೇನು ಎಂದು ಕೇಳಿದವನಿಗೆ ನಮ್ಮೂರು ಎಂದೆ. ಅವನು ನನ್ನನ್ನು ಎರಡು ಸಲ ನೋಡಿ ಬಿಟ್ಟ.

ಮಸ್ಕಿ, ಜೀಪ್ ಸ್ಟ್ಯಾಂಡ್

ಚಾದ ಅಂಗಡಿಯ ಬೆಂಚಿನ ಮೇಲೆ ಅದನ್ನು ಜೋಡಿಸಿದಾಗ ಜಾತ್ರೆಯಷ್ಟು ಜನ ನೆರೆದರು. ಹಾರ್ನ್ ಇಲ್ಲ ಎಂಬುದೇ ಎಲ್ಲರ ಮೊದಲ ದೂರು. "ಹಾರ್ನ್ ಇಲ್ಲದ್ದು ಅದ್ಯಾವ ಗಾಡಿ ರೀ, ಎತ್ತಿನ ಬಂಡಿನ ಚೊಲೊ," ಎಂದ ಒಬ್ಬ ಹಿರಿಯ ಡ್ರೈವರು, ಆದರೂ ಬಿಡದೆ ಕೂತ. ಒಬ್ಬೊಬ್ಬರಾಗಿ ಓಡಿಸಿದರು. ಬಹುಪಾಲು ಜನ ಹುಲ್ಲಿನ ಮೇಲೆ ಹಾಯ್ದರು. ನನ್ನನ್ನು ಬೆಚ್ಚಿಸಿದ್ದು ಅದಲ್ಲ, ಆಮೇಲಿನ ಮಾತು. ಬಂದ್ ಮಾಡಿದ ಕಡೆ ಯಾಕೆ ಹೋದಿರಿ ಎಂದು ಕೇಳಿದರೆ, "ಎಲ್ಲಿ ಹೋದ್ನಿರಿ?" ಎನ್ನುತ್ತಿದ್ದರು. ಅವರಿಗೆ ಹೋದದ್ದೇ ನೆನಪಿಲ್ಲ. ಗುಂಪಿನ ಹಿಂದೆ ಕಂಬಕ್ಕೆ ಒರಗಿ ಮೌನೇಶ ನಿಂತಿದ್ದ. ಕೂರಲು ಕರೆದೆ. ಬರಲಿಲ್ಲ, ಮೆಲ್ಲಗೆ ಹೊರಟುಹೋದ.

ಬಳಗಾನೂರು

ದುರ್ಗಮ್ಮ ಈಗ ಕೋಲು ಹಿಡಿದು ಓಡಾಡುತ್ತಾಳೆ. ಅಂಗಳದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಾನು ಹಾಯಿಸಿದ್ದನ್ನು ಹೇಳುವಾಗ ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಕಣ ಎಂದಾಗ ಕೈಯಲ್ಲಿದ್ದ ಅಡಿಕೆ ಹಾಗೇ ನಿಂತಿತು. ಜೀವಮಾನವೆಲ್ಲ ರಸ್ತೆಯಲ್ಲಿ ಸಜ್ಜೆ ತಿರುವಿದವಳು, ಬಸ್ಸುಗಳನ್ನು ಕೈಮಾಡಿ ಕರೆದವಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಹಂಗಾರ ಅವ ನನ್ನ ಕೊಲ್ಲಾಕ ಬಂದಿಲ್ಲ," ಅಂದಳು.

ಇಲ್ಲ ಎಂದೆ.

"ಇಷ್ಟು ದಿನ ಮಕ್ಕೊಂಡು ಯಾರ್ಯಾರ ಮ್ಯಾಲ ಅನುಮಾನ ಪಟ್ಟೀನಿ ಗೊತ್ತೈತೇನ್ರಿ? ನಮ್ಮ ನಾದಿನಿನೂ ಬಿಟ್ಟಿಲ್ಲ." ಅಡಿಕೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದಳು. ಆಮೇಲೆ ಕೇಳಿದಳು, "ಆ ಹುಡುಗಗ ಇದು ಗೊತ್ತೈತೇನು?"

ಜೀಪು ಮುಟ್ಟಿಲ್ಲ, ನನ್ನ ಮುಂದೆ ನಿಲ್ಲುವುದೂ ಇಲ್ಲ ಎಂದು ಹೇಳಿದೆ. ದುರ್ಗಮ್ಮ ಗೋಣಿತಟ್ಟಿನ ಬಗ್ಗೆ ವಿಚಾರಿಸಿದಳು, ಟ್ಯಾಂಕರಿನ ಜಾಗಕ್ಕೆ ಗೇಟು ಕೂರಿಸುತ್ತೀರಾ ಎಂದು ಕೇಳಿದಳು. ಎರಡಕ್ಕೂ ಹೂಂ ಎಂದ ಮೇಲೆ ಅವಳ ಶರತ್ತು ಬಂತು.

"ನಾ ಬರ್ತೀನಿ. ಆದ್ರ ಅಷ್ಟು ದೂರ ಬಸ್ಸಿನ್ಯಾಗ ಈ ಕಾಲು ಇಟ್ಕೊಂಡು ನಿಂದ್ರಾಕ ಆಗಂಗಿಲ್ಲ. ಅವನ ಬಂದು ಕರಕೊಂಡು ಹೋಗ್ಲಿ."

ಉಳಿದರ್ಧ ಸ್ಲ್ಯಾಬ್ ಹಾಕಿದ ಮರುದಿನ ಸೈಟಿನಲ್ಲಿ ಕಾಯುತ್ತ ನಿಂತಿದ್ದೆ. ಕಣದ ಮಾತನ್ನೂ ದುರ್ಗಮ್ಮನ ಶರತ್ತನ್ನೂ ಮೌನೇಶನಿಗೆ ಹೇಳಿ ಕಳಿಸಿದ್ದೆ, ಆದರೂ ಅವನು ಬರುವುದಿಲ್ಲ ಎಂದುಕೊಂಡಿದ್ದೆ. ದೂರದಲ್ಲಿ ಕ್ರೂಸರ್ ಕಂಡಿತು. ಎಷ್ಟು ನಿಧಾನ ಬರುತ್ತಿತ್ತೆಂದರೆ ಹಿಂದಿನಿಂದ ಬಂದ ಸೈಕಲ್ಲಿನವನು ಅದನ್ನು ದಾಟಿ ಮುಂದೆ ಹೋದ. ಮೌನೇಶ ಸ್ಟೇರಿಂಗನ್ನು ಎರಡೂ ಕೈಯಿಂದ ತಬ್ಬಿಕೊಂಡಂತೆ ಹಿಡಿದಿದ್ದ, ಮುಖವೆಲ್ಲ ಬೆವರು. ಹಿಂದಿನ ಸೀಟಿನಿಂದ ದುರ್ಗಮ್ಮನ ಬೈಗುಳ ಪಂಪಿನ ಸದ್ದನ್ನೂ ಮೀರಿ ಕೇಳುತ್ತಿತ್ತು.

"ಸ್ವಲ್ಪ ಜೋರ್ ಹೊಡಿಯಲೇ ಮೌನ್ಯಾ, ಅಲ್ಲಿ ಸ್ಲ್ಯಾಬ್ ಒಣಗಾಕತ್ತೈತಿ."